ಒರಗುವ ಗೋಡೆ

ಇಂದುಮತಿ ಬೆನ್ನು ಕೊಟ್ಟು ತಾನು ಕಟ್ಟಿದ ಗೋಡೆಯನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಕಟ್ಟಿದವರನ್ನು ಹಚ್ಚಿಕೊಂಡ ಗೋಡೆ ಅವರ ಕಡೆಗೆ ತುಸು ವಾಲುವುದು ಎಲ್ಲರಿಗೂ ಗೊತ್ತಿದ್ದದ್ದೇ. ಇದು ಮಾತ್ರ ಬೆಳಗಿನಿಂದ ಒಂದು ಗೇಣು ಬಾಗಿತ್ತು. ಹೋದ ವರ್ಷ ಇದೇ ಕಟ್ಟಡಶಾಲೆಯಲ್ಲಿ ಸಹಪಾಠಿ ಶಾಂಭವಿಯನ್ನು ಅವಳೇ ಕಟ್ಟಿದ ಕಮಾನು ಅಪ್ಪಿಕೊಂಡಿತ್ತು. ಒಡೆದು ತೆಗೆಯುವಷ್ಟರಲ್ಲಿ ಉಸಿರು ನಿಂತಿತ್ತು.

ಬಿರಾದಾರ ಮಾಸ್ತರರು ಗೋಡೆಯ ಮೈ ಸವರಿದರು. “ಭೇಷ್! ಎಷ್ಟು ಹಚ್ಚಿಕೊಂಡೈತಿ ನೋಡವಾ ನಿನ್ನ. ನಾ ಕಟ್ಟಿದ್ದು ನನ್ನ ಕಡೆ ಹೊಳ್ಳೀನೂ ನೋಡಂಗಿಲ್ಲ.”

“ಹೆದರಿಕಿ ಆಗತೈತ್ರಿ ಸರ.”

“ಮೊದಲಿಗೆ ಹಂಗ ಅನಸ್ತೈತಿ. ಸೋಮವಾರದಿಂದ ಗುಮ್ಮಟದ ಕೋರ್ಸ್ ಚಾಲೂ ಆಗತೈತಿ. ನಡುವ ನಿಂತು ಸುತ್ತಲೂ ಕಟ್ಟೂದು. ಮೊದಲನೇ ಸೀಟು ನಿನಗ.”

ಅವರು ಗಾರೆ ಬಳಿಯುವ ಹೊಸ ಕರಣೆಯನ್ನು ಅವಳ ಮುಂದೆ ಹಿಡಿದರು. ಗೋಡೆ ಅವಳ ಹೆಗಲಿಗೆ ಇನ್ನಷ್ಟು ಒರಗಿತು.

“ನಾ ಒಲ್ಲೆರಿ,” ಎಂದಳು ಇಂದುಮತಿ.