ನಳಿಗೆಯ ಮೇಲಿನ ನಾಣ್ಯ

ಗೋಡೆಯಾಚೆ ‘ಟಿಕ್’ ಎಂದಿತು. ಹಿಂದೆಯೇ ನಾಣ್ಯವೊಂದು ಹಲಗೆಯ ನೆಲಕ್ಕೆ ಬಿದ್ದು ಉರುಳಿತು. ರಾತ್ರಿ ಹನ್ನೊಂದು ದಾಟಿತ್ತು. ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದ ನಡೀನ್ ಎಣಿಸಿದಳು: ಆರನೆಯ ಸಲ. ಪಕ್ಕದ ಕೋಣೆಯಲ್ಲಿ ಅವಳ ಅಪ್ಪ ಆರ್ವಿಲ್ ಖಾಲಿ ಪಿಸ್ತೂಲಿನ ನಳಿಗೆಯ ಮೇಲೆ ಹತ್ತು ಸೆಂಟಿನ ನಾಣ್ಯವಿಟ್ಟು ಟ್ರಿಗರ್ ಒತ್ತುತ್ತಿದ್ದ. ಕೈ ಅಲುಗದಿದ್ದರೆ ನಾಣ್ಯ ಬೀಳದು. ಹೋದ ಚಳಿಗಾಲದವರೆಗೂ ಅವಳಿಗೆ ಕೇಳಿಸುತ್ತಿದ್ದದ್ದು ಬರೀ ‘ಟಿಕ್’ ಮಾತ್ರ.

ಸದ್ದು ನಿಂತಿತು. ಡ್ರಾಯರು ಮುಚ್ಚಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತೆರೆಯಿತು. ಈ ಸಲ ‘ಟಿಕ್’ ಎನ್ನಲಿಲ್ಲ, ಮನೆಯೇ ಬಿರಿದಂತಾಯಿತು.

ನಡೀನ್ ಪಕ್ಕದ ಕೋಣೆಗೆ ಓಡಿದಳು. “ಅಪ್ಪಾ! ಪೆಟ್ಟಾಯ್ತಾ?”

“ನಂಗೇನಿಲ್ಲ. ನೀನು... ನಿಂಗೇನೂ ಆಗಿಲ್ವಾ?” ಆರ್ವಿಲ್ ಮಂಚದ ಅಂಚಿನಲ್ಲಿ ಕುಳಿತಿದ್ದ. ಪಿಸ್ತೂಲು ಕಂಬಳಿಯ ಮೇಲಿತ್ತು, ಮೂತಿ ಕಿಟಕಿಯ ಕಡೆಗೆ. “ತುಂಬಿಸಿ ಒಳಗಿಟ್ಟಿದ್ದೆ. ಸಮಾಧಾನ ಆಗ್ಲಿಲ್ಲ, ಇನ್ನೊಂದ್ಸಲ ನೋಡೋಣ ಅಂತ ತೆಗೆದೆ. ಮ್ಯಾಗಝಿನ್ ತೆಗೆದಿದ್ದೆ ಕಣೇ. ನೋಡು, ಇಲ್ಲೇ ಇದೆ.”

“ಯಾವುದು ಮೊದಲು ಅಪ್ಪ? ಮ್ಯಾಗಝಿನ್ ತೆಗೆದಿದ್ದಾ, ಸ್ಲೈಡ್ ಎಳೆದಿದ್ದಾ?”

ಅವನು ಮ್ಯಾಗಝಿನ್ನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಮೊದಲು ಗುಂಡು ತುಂಬಿದ ಮ್ಯಾಗಝಿನ್ ತೆಗೆಯಬೇಕು, ಆಮೇಲೆ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಎಳೆಯಬೇಕು. ತಿರುಗುಮುರುಗಾದರೆ ಸ್ಲೈಡ್ ಎಳೆದಾಗ ಹೊರಬಿದ್ದ ಗುಂಡಿನ ಜಾಗಕ್ಕೆ ಮ್ಯಾಗಝಿನ್‌ನಿಂದ ಇನ್ನೊಂದು ಬಂದು ಕೂರುತ್ತದೆ, ನೋಡುವವರಿಗೆ ಪಿಸ್ತೂಲು ಖಾಲಿ. ಮೂವತ್ತು ವರ್ಷ ಊರಿನ ಶೂಟಿಂಗ್ ಕ್ಲಬ್ಬಿನಲ್ಲಿ ಅರ್ಧ ಊರಿಗೆ ಈ ಪಾಠ ಹೇಳಿಕೊಟ್ಟವನು ಅವನೇ. ನಡೀನ್‌ಗೆ ಹನ್ನೆರಡು ತುಂಬಿದಾಗ ಅವಳಿಗೂ.

ಅವಳು ತನ್ನ ಕೋಣೆಗೆ ಹೋಗಿ ದೀಪ ಹಾಕಿದಳು. ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಅವಳ ಚಳಿಗಾಲದ ಕೋಟಿನಲ್ಲಿ, ಎಡ ಜೇಬಿನ ಮೇಲೆ, ಬೆರಳು ತೂರುವಷ್ಟು ತೂತು; ಗುಂಡು ಗೋಡೆ ಕೊರೆದು ಬಂದಿತ್ತು. ಹಿಂದೆಯೇ ಬಂದ ಆರ್ವಿಲ್ ಅದನ್ನು ನೋಡಿದ. ತೂತಿನ ಮೇಲೆ ಬೆರಳಿಟ್ಟ.

“ರಸೆಲ್‌ಗೆ ಹೇಳ್ತೀಯಾ?”

ರಸೆಲ್ ಅವಳ ತಮ್ಮ. ಹೇಳಿದರೆ ಮರುದಿನವೇ ಬಂದು ಪಿಸ್ತೂಲನ್ನೂ ಒಯ್ಯುತ್ತಾನೆ, ಅಪ್ಪನನ್ನೂ ಒಯ್ದು ವೃದ್ಧಾಶ್ರಮಕ್ಕೆ ಸೇರಿಸುತ್ತಾನೆ. ಅರ್ಜಿ ತುಂಬಿ ಇಟ್ಟುಕೊಂಡೇ ಇದ್ದಾನೆ.

“ನೀನು ಕಾರಿನ ಕೀ ಕೇಳ್ದೆ, ನಾನು ಕೊಟ್ಟೆ,” ಆರ್ವಿಲ್ ತಗ್ಗಿದ ದನಿಯಲ್ಲಿ ಹೇಳಿದ. “ಇದೊಂದು ಇರ್ಲಿ ಬಿಡೇ.”

“ಮಲಗು ಅಪ್ಪ. ಬೆಳಿಗ್ಗೆ ನೋಡೋಣ.”

ಅವನಿಗೆ ನಿದ್ದೆ ಹತ್ತಿದ ಮೇಲೆ ಅವಳು ಪಿಸ್ತೂಲನ್ನು ಅಡುಗೆಮನೆಯ ಮೇಜಿಗೆ ತಂದಳು. ಅಂಗೈಯಗಲದ, ಸೋವಿಯತ್ ಮಾದರಿಯ ಮಕರೋವ್. ಇಪ್ಪತ್ತರ ಹರೆಯದಲ್ಲಿ ಅಪ್ಪ ಅಮೆರಿಕದ ಸೈನಿಕನಾಗಿ ಎರಡು ಜರ್ಮನಿಗಳ ನಡುವಿನ ಗಡಿಯಲ್ಲಿ ಕಾವಲಿದ್ದಾಗ ಬೇಲಿಯಾಚೆಯ ಅಧಿಕಾರಿಗಳ ಸೊಂಟದಲ್ಲಿ ಇಂಥದ್ದನ್ನು ದುರ್ಬೀನಿನಿಂದ ನೋಡುತ್ತಿದ್ದನಂತೆ. ಬೇಲಿಯಾಚೆಯ ಆ ದೇಶವೇ ಇಲ್ಲವಾಗಿ, ಅದರ ಸೇನೆಯ ಪಿಸ್ತೂಲುಗಳು ಪೆಟ್ಟಿಗೆಗಟ್ಟಲೆ ಹಡಗೇರಿ ಅಮೆರಿಕಕ್ಕೆ ಬಂದಾಗ ಒಂದನ್ನು ಕೊಂಡು ತಂದಿದ್ದ. “ನನ್ನ ಕಡೆ ತಿರುಗಿದ್ದದ್ದು ಈಗ ನನ್ನ ಹತ್ರಾನೇ ಇದೆ,” ಎಂದು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದ.

ಕಲಿಸಿಕೊಟ್ಟಿದ್ದು ಕೈಗೆ ಮರೆತಿರಲಿಲ್ಲ. ಟ್ರಿಗರಿನ ಬಳೆಯನ್ನು ಕೆಳಗೆ ಜಗ್ಗಿ ಸ್ಲೈಡನ್ನು ಹಿಂದಕ್ಕೆಳೆದು ಎತ್ತಿದಳು. ಸುರಕ್ಷೆಯ ಕೀಲನ್ನು ತಿರುಗಿಸಿ ಹೊರಗೆಳೆದಳು. ಗುಂಡಿನ ಬೆನ್ನಿಗೆ ಬಡಿಯುವ ಪಿನ್ನು ಜಾರಿ ಅಂಗೈಗೆ ಬಿತ್ತು, ದಪ್ಪ ದಬ್ಬಣದ ಹಾಗೆ. ಅದಿಲ್ಲದೆಯೂ ಪಿಸ್ತೂಲು ‘ಟಿಕ್’ ಎನ್ನುತ್ತದೆ, ಆದರೆ ಗುಂಡು ಹಾರದು. ನಳಿಗೆಗೆ ಬಟ್ಟೆಚೂರು ತೂರಿಸಿ ಒರೆಸಿದಳು. ಹಾರಿದ ಗುಂಡಿನ ಮಸಿ ಹತ್ತಿ ಚೂರು ಕಪ್ಪಗೆ ಹೊರಬಂತು. ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಪಿನ್ನನ್ನು ಹೊಲಿಗೆ ಡಬ್ಬಿಯ ಸೂಜಿಗಳ ನಡುವೆ ಇಟ್ಟಳು. ಆಮೇಲೆ ಕುಳಿತು ಕೋಟಿಗೆ ತೇಪೆ ಹಾಕಿದಳು.

ಶನಿವಾರ ಆರ್ವಿಲ್ ಎಂದಿನಂತೆ ಕಿವಿಗೆ ಮುಚ್ಚಳ ಹಾಕಿಕೊಂಡು, ಎಂಟು ಗುಂಡು ಎಣಿಸಿಕೊಂಡು, ಕೊಟ್ಟಿಗೆಯ ಹಿಂದಿನ ಮಣ್ಣುದಿಬ್ಬದ ಕಡೆ ಹೋದ. ಅಲ್ಲಿ ಅವನು ಗುರಿಗೆಂದು ನಿಲ್ಲಿಸಿಕೊಂಡ ಕಬ್ಬಿಣದ ತಟ್ಟೆಯಿದೆ. ನಡೀನ್ ಕಿಟಕಿಯ ಬಳಿ ನಿಂತಳು. ಢಂ ಇಲ್ಲ, ತಟ್ಟೆಯ ಟಣ್ ಇಲ್ಲ. ಅರ್ಧ ಗಂಟೆ ಕಳೆಯಿತು. ಈಗ ಬಂದು ಕೇಳುತ್ತಾನೆ, ಏನು ಹೇಳಲಿ? ಅಷ್ಟರಲ್ಲಿ ರಸೆಲ್‌ನ ಕಾರು ಬಂದು ನಿಂತಿತು.

ಆರ್ವಿಲ್ ಹಿಂದಿನ ಬಾಗಿಲಿನಿಂದ ಒಳಗೆ ಬಂದಾಗ ರಸೆಲ್ ಆಗಲೇ ಸೇಬಿನ ಪೈಗೆ ಕೈ ಹಾಕಿದ್ದ.

“ಏನಪ್ಪಾ ಶೂರ, ಎಷ್ಟು ಬಿತ್ತು?”

“ಎಂಟಕ್ಕೆ ಏಳು.”

“ಭಲೇ! ನಾನಾದ್ರೆ ಕೊಟ್ಟಿಗೆಗೂ ಗುರಿಯಿಡಲಾರೆ.” ರಸೆಲ್‌ನ ಕಣ್ಣು ಬಾಗಿಲ ಬಳಿಯ ಕೋಟಿನ ಮೇಲೆ ಬಿತ್ತು. “ಅಕ್ಕ, ಹೊಸ ಕೋಟಿಗೆ ತೇಪೆ ಯಾಕೆ?”

ನಡೀನ್ ಬಾಯಿ ತೆರೆಯುವ ಮೊದಲೇ ಆರ್ವಿಲ್ ಹೇಳಿದ: “ಮೊಳೆಗೆ ಸಿಕ್ಕಿ ಹರೀತು. ಆ ಮೊಳೆ ಹೊಡೆದೋನು ನಾನೇ.”

ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಶೂಟಿಂಗ್ ಮುಗಿಸಿ ಬಂದ ಪ್ರತಿ ಶನಿವಾರದಂತೆ ಅವನು ಪಿಸ್ತೂಲು ಬಿಚ್ಚಿದ. ಸಲಾಕೆಯ ತುದಿಗೆ ಬಟ್ಟೆಚೂರು ಸಿಕ್ಕಿಸಿ ನಳಿಗೆಯೊಳಗೆ ತೂರಿಸಿದ, ನಿಧಾನವಾಗಿ ಹೊರಗೆಳೆದ. ರಸೆಲ್ ಪೈ ತಿನ್ನುತ್ತ ಫೋನು ನೋಡುತ್ತಿದ್ದ. ಆರ್ವಿಲ್ ಚೂರನ್ನು ಮಗಳ ಕಡೆ ಚಾಚಿದ.

ಬಟ್ಟೆ ಬೆಳ್ಳಗೇ ಇತ್ತು.

ನಡೀನ್ ಅದನ್ನು ಮುಷ್ಟಿಯಲ್ಲಿ ಮುದುರಿಕೊಂಡು ಎದ್ದಳು. ಒಲೆಯ ಬಾಗಿಲು ತೆರೆದು ಬೆಂಕಿಗೆ ಹಾಕಿದಳು. ಇದರ ಮಾತನ್ನು ಯಾರೆದುರೂ ಎತ್ತಬಾರದು ಎಂದುಕೊಂಡಳು, ಎಲ್ಲ ತಿಳಿದ ಅಪ್ಪನೆದುರೂ.