ಹಿಂಬಾಗಿಲು

ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆಯುವುದನ್ನು ಅವಳು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ಕಾರ್ಖಾನೆ ಸುರಕ್ಷತಾ ಇಲಾಖೆಯಿಂದ ನಿವೃತ್ತರಾದ ಇವರೇ ಬರಲಿ ಎಂದು ವಿಭಾಗದ ಮುಖ್ಯಸ್ಥೆಯ ಬೆನ್ನು ಬಿದ್ದವಳು ಅವಳೇ. ವಿಪತ್ತು ನಿರ್ವಹಣೆಯ ಎಂ.ಎ.ಗೆ ಸೇರಿದ್ದೂ ಇದಕ್ಕೇ.

"ಕಾರ್ಖಾನೆ ಬೆಂಕಿ ಬಗ್ಗೆ ಅಲ್ವೇನಮ್ಮ? ಒಳ್ಳೇ ವಿಷಯ." ಅವರು ಪ್ರಬಂಧದ ಹಾಳೆಗಳನ್ನು ಇಸ್ಪೀಟೆಲೆಯಂತೆ ಸರ್ರನೆ ತಿರುವಿ, 'ಪೂರ್ತಿ ಓದಿದ್ದೇನೆ, ನಿರ್ಣಯಗಳನ್ನು ಒಪ್ಪಿದ್ದೇನೆ' ಎಂಬ ಕೊನೆಯ ಪುಟದ ದೃಢೀಕರಣದ ಕೆಳಗೆ ಸಹಿ ಹಾಕಿದರು. ಸಹಿಯ ಬಾಲ ಕೊಕ್ಕೆಯಂತೆ ಮೇಲಕ್ಕೆ ಬಾಗಿತು. ಪಕ್ಕದಲ್ಲಿ ಕೂತಿದ್ದ ಮುಖ್ಯಸ್ಥೆಯತ್ತ ತಿರುಗಿದರು. "ಮೇಡಂ, ಟೀ ತರಿಸ್ತೀರಾ?"

"ಒಂದು ನಿಮಿಷ ಸರ್." ಅವಳು ನಲವತ್ತೆರಡನೇ ಪುಟ ತೆರೆದು ಇಬ್ಬರ ನಡುವೆ ಇಟ್ಟಳು. ಬೆಂಕಿ ಬಿದ್ದ ಆ ಕಾರ್ಖಾನೆಯ ತಪಾಸಣಾ ಪತ್ರದ ನಕಲು ಅಲ್ಲಿತ್ತು: ಖುದ್ದಾಗಿ ನೋಡಿದ್ದೇನೆ, ಹಿಂಬಾಗಿಲು ಸದಾ ತೆರೆದಿರುತ್ತದೆ. ಕೆಳಗೆ ಅದೇ ಕೊಕ್ಕೆ.

"ಆ ಬಾಗಿಲಿಗೆ ವರ್ಷಗಟ್ಟಲೆ ಬೀಗ ಜಡಿದಿದ್ರು ಸರ್. ನಮ್ಮಕ್ಕ ಅದನ್ನ ಬಡಿದು ಬಡಿದೇ ಸತ್ಲು. ನೋಡದೇನೇ ಸಹಿ ಹಾಕಿದೋರೇ ಆ ಸಾವಿಗೆ ಹೊಣೆ ಅಂತ ನನ್ನ ನಿರ್ಣಯ."

ಪರೀಕ್ಷಕರು ಪ್ರಬಂಧದತ್ತ ಕೈ ಚಾಚಿದರು. ಅಷ್ಟರಲ್ಲಿ ಮುಖ್ಯಸ್ಥೆ ಅದನ್ನು ತಮ್ಮ ಕಡೆಗೆ ಎಳೆದುಕೊಂಡು ಎರಡು ಸಹಿಗಳನ್ನೂ ಹೋಲಿಸಿ ನೋಡುತ್ತಿದ್ದರು.

"ಇರ್ಲಿ ಬಿಡಿ ಸರ್," ಅವಳೆಂದಳು, "ನೀವು ಆಗ್ಲೇ ಒಪ್ಪಿ ಆಯ್ತಲ್ಲ."