ಜೀರುಂಡೆ ಶಾಲೆ

ಹೆಂಡತಿ ಅಂಗಡಿಯೊಳಗೆ ಕಾಲಿಟ್ಟಾಗ ಗಂಡ, ಕಂಪ್ಯೂಟರುಗಳಿಗೆ ವಿಳಾಸ ಹುಡುಕಿಕೊಡುವ ನೇಮ್ ಸರ್ವರ್ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಏನೋ ಟೈಪ್ ಮಾಡುತ್ತಿದ್ದ. ಅವಳನ್ನು ಕಂಡದ್ದೇ ತಡ, ಪರದೆ ಆರಿಸಿದ.

“ಏನು ಮಾಡ್ತಿದ್ರಿ?”

“ಏನಿಲ್ಲ. ಈ ಪೆಟ್ಟಿಗೆಯನ್ನ ಇನ್ಮೇಲೆ ಯಾರ ಕೈಗೂ ಕೊಡಬೇಡ.”

ಕಳ್ಳನೇ ಬೀಗ ಭದ್ರ ಮಾಡು ಅಂದ ಹಾಗಿತ್ತು.

ಹಳೆಯ ಸೂಕ್ಷ್ಮದರ್ಶಕಗಳನ್ನು ರಿಪೇರಿ ಮಾಡಿ ಶಾಲೆಗಳಿಗೆ ಮಾರುವ ಅಂಗಡಿ ಅದು. ಗಂಡಹೆಂಡತಿ ಸೇರಿ ಕಟ್ಟಿದ್ದು. ಈಚೆಗೆ ಇವರು ಯಾವ ಶಾಲೆಯ ಬಾಗಿಲು ತಟ್ಟಿದರೂ ಅದೇ ವ್ಯಾಪಾರದ ಎದುರಂಗಡಿಯವನು ಆಗಲೇ ಬಂದು ಹೋಗಿರುತ್ತಿದ್ದ. ಹೀಗೇ ಆದರೆ ಬಾಗಿಲು ಹಾಕುವುದೇ ಸರಿ. ಒಳಗಿನವರೇ ಯಾರೋ ಬಾಯಿ ಬಿಡುತ್ತಿದ್ದರು. ಒಳಗಿದ್ದವರು ಇಬ್ಬರೇ.

ಅದಕ್ಕೇ ಅವಳು ಬಲೆ ಬೀಸಿದ್ದಳು. ‘ನವಿಲುಗರಿ ಶಾಲೆ’ ಎಂಬ ಇಲ್ಲದ ಶಾಲೆಯೊಂದನ್ನು ಹುಟ್ಟಿಸಿ, ಗಂಡನ ಕಿವಿಗೆ ಮಾತ್ರ ಹಾಕಿದ್ದಳು. ಅವನು ಹುರುಪಿನಿಂದ ಕಂಪ್ಯೂಟರಿನಲ್ಲಿ ಹುಡುಕಿ, “ಸಿಗ್ತಾನೇ ಇಲ್ವಲ್ಲ” ಎಂದು ತಲೆ ಕೆರೆದುಕೊಂಡಿದ್ದ. ಇವತ್ತು ಎರಡೂ ಅಂಗಡಿಗೆ ಮಸೂರ ಮಾರುವ ಮುದುಕ ಫೋನಿನಲ್ಲಿ ನಗುತ್ತಿದ್ದ: “ನವಿಲುಗರಿ ಶಾಲೆ ಎಲ್ಲಮ್ಮಾ ಇರೋದು? ಎದುರಂಗಡಿಯವನು ಕೇಳಿ ಕೇಳಿ ನನ್ನ ತಲೆ ತಿಂದ.”

“ಯಾಕೆ ಹೀಗೆ ಮಾಡಿದ್ರಿ?” ಎಂದಳು.

ಅವನು ಎದ್ದು ನಿಂತ. “ಹೇಳಬಹುದು. ಹೇಳಿದ್ರೆ ನಿನಗೆ ನಿನ್ನೋರು ಅಂತ ಯಾರೂ ಉಳಿಯಲ್ಲ.”

“ಈಗ ಉಳಿದಿದ್ದಾರಾ? ಹೋಗಿ. ಮನೆಗೂ ಬರಬೇಡಿ.”

ಹೊರಡುವಾಗ ಅವನು ಹಿಂತಿರುಗಿ ನೋಡಿದ್ದು ಪೆಟ್ಟಿಗೆಯನ್ನು, ಅವಳನ್ನಲ್ಲ. ಅದೇ ಅವಳ ಎದೆಗೆ ನಾಟಿತು.

ಸುದ್ದಿ ತಿಳಿದು ತಂಗಿ ಓಡಿಬಂದಳು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅಕ್ಕ ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು. ಅಂಗಡಿಯ ಕಂಪ್ಯೂಟರುಗಳನ್ನೂ ಈ ಪೆಟ್ಟಿಗೆಯನ್ನೂ ಜೋಡಿಸಿಕೊಟ್ಟವಳು ಅವಳೇ. “ಕಂಪ್ಯೂಟರಲ್ಲಿ ಯಾವ ಹೆಸರು ಹುಡುಕಿದ್ರೂ ಇದು ಅದರ ವಿಳಾಸ ಹೇಳುತ್ತೆ ಅಕ್ಕಾ. ತನಗೆ ಗೊತ್ತಿಲ್ಲದಿದ್ರೆ ಮೇಲಿನ ಸರ್ವರನ್ನ ಕೇಳಿ ಹೇಳುತ್ತೆ, ದೊಡ್ಡೋರನ್ನ ಕೇಳಿ ಹೇಳೋ ಮಗು ಥರ,” ಎಂದು ಆಗ ವಿವರಿಸಿದ್ದಳು. ಅಕ್ಕನಿಗೆ ಅಷ್ಟು ಸಾಕಾಗಿತ್ತು.

“ಭಾವ ಮೇಲಿನ ಸರ್ವರಿನ ವಿಳಾಸವನ್ನೇ ಬದಲಾಯಿಸಿದ್ದಾರೆ. ಎಲ್ಲಾ ಕೆಡಿಸಿಟ್ಟಿದ್ದಾರೆ,” ಎಂದು ತಂಗಿ ನಿಟ್ಟುಸಿರಿಟ್ಟಳು. ಹಳೆಯ ವಿಳಾಸದ ಅಂಕಿಗಳನ್ನು ಬಾಯಿಪಾಠದ ಪದ್ಯದಂತೆ, ಎಲ್ಲೂ ತಡವರಿಸದೆ, ಮತ್ತೆ ಬರೆದಳು. “ಈಗ ಸರಿಯಾಯ್ತು. ಯಾವುದಾದ್ರೂ ಹೊಸ ಹೆಸರು ಹಾಕಿ ನೋಡು. ನಿನಗೆ ನೀರು ತರ್ತೀನಿ.”

ಅಕ್ಕ ಕಣ್ಣೊರೆಸಿಕೊಂಡು ತೋಚಿದ್ದನ್ನು ಹೊಡೆದಳು: ಜೀರುಂಡೆ ಶಾಲೆ. ಅಳು ನಿಲ್ಲಿಸದ ತಂಗಿಗೆ ಚಿಕ್ಕಂದಿನಲ್ಲಿ ತಾನೇ ಇಟ್ಟ ಹೆಸರು ಜೀರುಂಡೆ. ಅಂಥದ್ದು ಎಲ್ಲೂ ಇಲ್ಲ ಎಂದಿತು ಪರದೆ. ತಂಗಿ ನೀರು ತರುವಷ್ಟರಲ್ಲಿ ನಾಚಿಕೊಂಡು ಅಳಿಸಿಬಿಟ್ಟಳು. ಯಾರಿಗೂ ಹೇಳಲಿಲ್ಲ. ಆ ಹೆಸರು ಗೊತ್ತಿದ್ದದ್ದು ಅವಳಿಗೆ, ಪೆಟ್ಟಿಗೆಗೆ, ಅದು ಕೇಳಿದ ಮೇಲಿನ ಸರ್ವರಿಗೆ ಮಾತ್ರ.

ಮರುದಿನ ಮಸೂರದ ಮುದುಕನ ಫೋನು ಬಂತು.

“ಎದುರಂಗಡಿಯವನಿಗೆ ತಲೆ ಕೆಟ್ಟಿದೆ ಕಣಮ್ಮಾ. ಈಗ ಜೀರುಂಡೆ ಶಾಲೆ ಎಲ್ಲಿದೆ ಅಂತ ಕೇಳ್ತಿದ್ದಾನೆ.”